ಎಲ್ಲರಿಗೂ ಸಿಗುವಂತಾದ ಮೇಲೆ ನನ್ನ ಔಷಧಿ

2018ರ ಅಕ್ಟೋಬರ್ 17, ಬುಧವಾರ. ಆಫೀಸಿಗೆ ಕಾಲಿಡುತ್ತಿದ್ದ ಹಾಗೇ ಪಕ್ಕದ ಟೇಬಲ್ಲಿನವಳು ಎದ್ದು ಬಂದು ನನ್ನ ಕೈ ಹಿಡಿದುಕೊಂಡಳು. "ಇನ್ಮೇಲೆ ನಿನಗೆ ಡಾಕ್ಟರ್ ಕಾಗದ, ರಿಜಿಸ್ಟ್ರೇಷನ್ ಯಾವ ತಲೆನೋವೂ ಇಲ್ಲ ಅಲ್ವಾ?" ಅಂದಳು. ಆವತ್ತಿನಿಂದ ಕೆನಡಾದಲ್ಲಿ ವಯಸ್ಕರು ಯಾರು ಬೇಕಾದರೂ ಗಾಂಜಾ ಕೊಳ್ಳಬಹುದಿತ್ತು. ಕಾಯಿಲೆಗೆ ಅದರ ಎಣ್ಣೆ ತಗೊಳ್ಳುವ ನನಗೂ ಖುಷಿಯಾಯಿತು. ಇನ್ನು ಇದನ್ನು ಮುಚ್ಚಿಡಬೇಕಾಗಿಲ್ಲ, ಸುಲಭವಾಗಿ ಸಿಗುತ್ತದೆ ಅಂದುಕೊಂಡೆ. ಮೊದಲನೆಯದು ಅರ್ಧ ನಿಜವಾಯಿತು. ಎರಡನೆಯದು ಹೇಗಾಯಿತು ಅಂತ ಹೇಳುವುದಕ್ಕೇ ಇದನ್ನು ಬರೆಯುತ್ತಿದ್ದೇನೆ.

ನಾನು ಶಿವಮೊಗ್ಗದವಳು. 2004ರಿಂದ ಟೊರಾಂಟೊ ಪಕ್ಕದ ಮಿಸ್ಸಿಸಾಗಾದಲ್ಲಿ ಇದ್ದೇನೆ. 2013ರಲ್ಲಿ ಮಲ್ಟಿಪಲ್ ಸ್ಕ್ಲೆರೋಸಿಸ್ ಅಂತ ಗೊತ್ತಾಯಿತು. ಇಲ್ಲಿ ಎಲ್ಲರೂ ಎಂ.ಎಸ್. ಅನ್ನುತ್ತಾರೆ. ನರದ ಮೇಲಿನ ಹೊದಿಕೆಯನ್ನು ನಮ್ಮ ಮೈಯೇ ತಿಂದು ಹಾಕುವ ಕಾಯಿಲೆ. ಜಗತ್ತಿನಲ್ಲಿ ಇದು ತುಂಬಾ ಜಾಸ್ತಿ ಇರುವ ದೇಶಗಳಲ್ಲಿ ಕೆನಡಾ ಒಂದು. ನನಗೆ ಹಗಲು ಅಷ್ಟು ತೊಂದರೆ ಇರಲಿಲ್ಲ. ರಾತ್ರಿ ಮಲಗಿ ಅರ್ಧ ಗಂಟೆಗೆ ಬಲಗಾಲು ತಾನಾಗಿಯೇ ಸೆಟೆದುಕೊಳ್ಳುತ್ತಿತ್ತು. ಹಲಗೆಯ ಹಾಗೆ. ಮಂಡಿ ಮಡಚೋಕೆ ಆಗದು. ನಮ್ಮ ಯಜಮಾನರು ಎದ್ದು ಪಾದ ಹಿಡಿದು ನಿಧಾನಕ್ಕೆ ಒತ್ತಿ ಮಡಚಬೇಕು. ಒಂದೊಂದು ರಾತ್ರಿ ನಾಲ್ಕು ಸಲ, ಐದು ಸಲ.

ಬ್ಯಾಕ್ಲೋಫೆನ್ ಮಾತ್ರೆ ಕೊಟ್ಟರು. ಕಾಲು ಸಡಿಲವಾಗುತ್ತಿತ್ತು, ಆದರೆ ಮಾರನೆಯ ದಿನ ಹನ್ನೊಂದು ಗಂಟೆಯವರೆಗೂ ಮಂಪರು. ನನ್ನದು ಲೆಕ್ಕ ಬರೆಯುವ ಕೆಲಸ. ಒಂದು ಸೊನ್ನೆ ಹೆಚ್ಚುಕಮ್ಮಿಯಾದರೂ ನಡೆಯುವುದಿಲ್ಲ. 2017ರಲ್ಲಿ ನ್ಯೂರಾಲಜಿಸ್ಟ್ ತಾವಾಗಿಯೇ ಗಾಂಜಾ ಎಣ್ಣೆಯ ಮಾತೆತ್ತಿದರು. ನಾನು ಕುರ್ಚಿಯಲ್ಲಿ ಹಿಂದಕ್ಕೆ ಸರಿದೆ. ನಮ್ಮೂರಲ್ಲಿ ಆ ಪದಕ್ಕೆ ಏನು ಅರ್ಥ ಅಂತ ಅವರಿಗೆ ಹೇಗೆ ಹೇಳುವುದು?

ಕೆನಡಾದಲ್ಲಿ ರೋಗಿಗಳಿಗೆ ಈ ದಾರಿ 2001ರಿಂದ ಇದೆ. ಅದನ್ನು ಸರ್ಕಾರ ತಾನಾಗಿ ತೆರೆದದ್ದಲ್ಲ. ಟೆರೆನ್ಸ್ ಪಾರ್ಕರ್ ಅಂತ ಒಬ್ಬರು ಮೂರ್ಛೆ ರೋಗಿ ಕೋರ್ಟಿನಲ್ಲಿ ಹೋರಾಡಿದರು. ಕಾಯಿಲೆಯವರಿಗೂ ಗಾಂಜಾ ಕೊಡದ ಕಾನೂನು ಸಂವಿಧಾನಕ್ಕೆ ವಿರುದ್ಧ ಅಂತ 2000ದಲ್ಲಿ ನಮ್ಮ ಒಂಟಾರಿಯೋ ಪ್ರಾಂತ್ಯದ ಮೇಲ್ಮನವಿ ಕೋರ್ಟು ಹೇಳಿತು. ರೋಗಿಗಳು ಒಣಗಿದ ಹೂವನ್ನಷ್ಟೇ ಅಲ್ಲ, ಎಣ್ಣೆಯನ್ನೂ ಬಳಸಬಹುದು ಅಂತ 2015ರಲ್ಲಿ ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟಿತು. ಆ ತೀರ್ಪು ಬರದಿದ್ದರೆ ನಾನು ಸೇದಬೇಕಾಗುತ್ತಿತ್ತು. ಅದು ನನ್ನಿಂದ ಆಗುತ್ತಿರಲಿಲ್ಲ. ಕಾಯಿಲೆ ಬಿದ್ದವರು ಕೋರ್ಟು ಹತ್ತಿ ಇಳಿದು ಮಾಡಿಸಿದ ಬಾಗಿಲು ಇದು. ಆ ಮಾತನ್ನು ನಾನು ಮರೆಯುವುದಿಲ್ಲ.

ದಾರಿ ಹೀಗಿದೆ. ಡಾಕ್ಟರ್ ಬರೆಯುವುದನ್ನು ಪ್ರಿಸ್ಕ್ರಿಪ್ಷನ್ ಅನ್ನುವುದಿಲ್ಲ, ಮೆಡಿಕಲ್ ಡಾಕ್ಯುಮೆಂಟ್ ಅನ್ನುತ್ತಾರೆ. ಹೆಸರು, ಹುಟ್ಟಿದ ದಿನ, ದಿನಕ್ಕೆ ಎಷ್ಟು ಗ್ರಾಂ, ಎಷ್ಟು ಕಾಲ. ಒಂದು ವರ್ಷಕ್ಕಿಂತ ಜಾಸ್ತಿ ಬರೆಯುವ ಹಾಗಿಲ್ಲ. ಅದು ಮೆಡಿಕಲ್ ಶಾಪಿಗೆ ಹೋಗುವುದಿಲ್ಲ. ಲೈಸೆನ್ಸ್ ಇರುವ ಒಬ್ಬ ಮಾರಾಟಗಾರರಿಗೆ ನೇರವಾಗಿ ಹೋಗುತ್ತದೆ. ಅವರು ಡಾಕ್ಟರ್ ಆಫೀಸಿಗೆ ಫೋನ್ ಮಾಡಿ ಖಚಿತ ಮಾಡಿಕೊಂಡು ನಮ್ಮನ್ನು ನೋಂದಾಯಿಸಿಕೊಳ್ಳುತ್ತಾರೆ. ಆಮೇಲೆ ಆರ್ಡರ್ ಮಾಡಿದರೆ ಮನೆಗೆ ಅಂಚೆಯಲ್ಲಿ ಬರುತ್ತದೆ.

ಮೊದಲ ಬಾಟಲಿ ಕೈಗೆ ಬರಲು ಮೂರು ವಾರ ಹಿಡಿಯಿತು. ಜೊತೆಗೆ ಆ ಕಂಪನಿಯ ನರ್ಸ್ ಫೋನ್ ಮಾಡಿ ಮುಕ್ಕಾಲು ಗಂಟೆ ಮಾತಾಡಿದರು. ಬಾಟಲಿಯಲ್ಲಿ ಒಂದು ಮಿ.ಲೀ.ಗೆ ಟಿಎಚ್‌ಸಿ 10 ಮಿ.ಗ್ರಾಂ, ಸಿಬಿಡಿ 10 ಮಿ.ಗ್ರಾಂ. ಟಿಎಚ್‌ಸಿ ಅಂದರೆ ಗಾಂಜಾದಲ್ಲಿ ಅಮಲು ಬರಿಸುವ ಅಂಶ. ಸಿಬಿಡಿ ಇನ್ನೊಂದು ಅಂಶ, ಅದರಲ್ಲಿ ಆ ಅಮಲು ಇಲ್ಲ. "ರಾತ್ರಿ ಊಟ ಆದ ಮೇಲೆ 0.2 ಮಿ.ಲೀ. ತಗೊಳ್ಳಿ. ನಾಲ್ಕು ದಿನ ನೋಡಿ. ಆಮೇಲೆ ಇಷ್ಟಿಷ್ಟೇ ಏರಿಸಿ. ಬರೆದಿಡಿ" ಅಂದರು. ಬರೆದಿಟ್ಟೆ. ಆ ನೋಟ್‌ಬುಕ್ ಇನ್ನೂ ಇದೆ. ದಿನಕ್ಕೆ ಒಂದು ಮಿ.ಲೀ. ಹತ್ತಿರ, ಎರಡು ಸಲಕ್ಕೆ ಹಂಚಿ, ನನಗೆ ಸರಿಹೋಯಿತು. ಸೆಟೆಯುವುದು ಪೂರ್ತಿ ನಿಲ್ಲಲಿಲ್ಲ, ಕಾಯಿಲೆಯೂ ವಾಸಿಯಾಗಲಿಲ್ಲ. ಆದರೆ ಒಂದೇ ಸಮನೆ ನಾಲ್ಕು ಗಂಟೆ ನಿದ್ದೆ ಬಂತು. ನಾಲ್ಕು ವರ್ಷದಲ್ಲಿ ಮೊದಲ ಸಲ. ಬೆಳಿಗ್ಗೆ ನಮ್ಮ ಯಜಮಾನರ ಮುಖ ನೋಡಿದರೆ ಅವರೂ ಮಲಗಿದ್ದು ಗೊತ್ತಾಗುತ್ತಿತ್ತು.

ಹೀಗೆ ಒಂದು ಹದಕ್ಕೆ ಬಂದಿದ್ದಾಗ ಆ ಅಕ್ಟೋಬರ್ ಬಂತು.

ಎಲ್ಲರಿಗೂ ತೆರೆದ ಎರಡನೇ ವಾರದಲ್ಲಿ ಆರ್ಡರ್ ಮಾಡಲು ಹೋದೆ. ನನ್ನ ಎಣ್ಣೆಯ ಎದುರು ‘ಸ್ಟಾಕ್ ಇಲ್ಲ’. ಫೋನ್ ಮಾಡಿದೆ, ಯಾವಾಗ ಬರುತ್ತದೋ ಹೇಳಲಾಗದು ಅಂದರು. ಬೆಳೆಯುವವರು ಅವರೇ, ಎಣ್ಣೆ ತೆಗೆಯುವವರೂ ಅವರೇ. ಈಗ ಅದೇ ಮಾಲು ದೇಶಕ್ಕೆಲ್ಲ ಹೋಗಬೇಕು. ಆಗ ದೇಶದ ಎಷ್ಟೋ ಕಡೆ ಗಾಂಜಾ ಸಾಲುತ್ತಿರಲಿಲ್ಲ. ಮೋಜಿಗೆ ಬೇಕಾದವರಿಗೆ ಈ ವಾರ ಇಲ್ಲದಿದ್ದರೆ ಮುಂದಿನ ವಾರ. ನನಗೆ ಈ ರಾತ್ರಿಯೇ ಬೇಕು.

ಒಂದು ಒಳ್ಳೆಯದಾಗಿತ್ತು. ನಮ್ಮ ಡಾಕ್ಯುಮೆಂಟನ್ನು ಒಬ್ಬ ಮಾರಾಟಗಾರರಿಂದ ಇನ್ನೊಬ್ಬರಿಗೆ ವರ್ಗಾಯಿಸಿ ಅಂತ ಕೇಳುವ ಅವಕಾಶ ಹೊಸ ನಿಯಮದಲ್ಲಿ ಬಂದಿತ್ತು. ಕೇಳಿದೆ. ಅಷ್ಟರಲ್ಲಿ ಅಕ್ಟೋಬರ್ 22ರಿಂದ ಅಂಚೆಯವರ ಸರದಿ ಮುಷ್ಕರ. ಇವತ್ತು ಈ ಊರು, ನಾಳೆ ಆ ಊರು. ಅಂಗಡಿಯಲ್ಲಿ ಕೊಳ್ಳೋಣ ಅಂದರೆ ಒಂಟಾರಿಯೋದಲ್ಲಿ ಆಗ ಅಂಗಡಿಯೇ ಇರಲಿಲ್ಲ. ಸರ್ಕಾರದ ಆನ್‌ಲೈನ್ ಮಾರಾಟ ಮಾತ್ರ. ಅದೂ ಅಂಚೆಯಲ್ಲೇ ಬರಬೇಕು.

ಉಳಿದ ಎಣ್ಣೆಯನ್ನು ಹಂಚಿಕೊಂಡೆ. ಒಂದು ಮಿ.ಲೀ. ಇದ್ದದ್ದು ಅರ್ಧ, ಅರ್ಧ ಇದ್ದದ್ದು ಕಾಲು. ಕೊನೆಗೆ ಬಾಟಲಿ ಓರೆ ಮಾಡಿ ಹಿಡಿದು, ಎಣ್ಣೆ ಮೂಲೆಗೆ ಇಳಿಯುವವರೆಗೆ ಕಾದು, ಸಿರಿಂಜಿನಲ್ಲಿ ಎಳೆಯುತ್ತಿದ್ದೆ. ಹೊಸ ಬಾಟಲಿ ಬರುವ ಹೊತ್ತಿಗೆ ಹದಿನಾರು ದಿನ. ಅದು ಬೇರೆ ಕಂಪನಿಯದು. ಅಳತೆ ಬೇರೆ, ಮತ್ತೆ 0.2ರಿಂದ ಶುರು. ಮತ್ತೆ ರಾತ್ರಿ ಯಜಮಾನರು ಎದ್ದು ಕಾಲು ಒತ್ತುವುದು ಶುರು.

ಬಾಟಲಿಯ ಬಗ್ಗೆ ಒಂದು ಮಾತು ಹೇಳಲೇಬೇಕು. ಅದರ ಮುಚ್ಚಳ ಮಕ್ಕಳಿಗೆ ತೆಗೆಯಲು ಬಾರದಂಥದ್ದು. ಅಂಗೈಯಿಂದ ಗಟ್ಟಿಯಾಗಿ ಒತ್ತಬೇಕು, ಒತ್ತಿಕೊಂಡೇ ತಿರುಗಿಸಬೇಕು. ಎಂ.ಎಸ್. ಇದ್ದ ಕೈಗೆ ಎರಡೂ ಒಟ್ಟಿಗೆ ಆಗುವುದಿಲ್ಲ. ನನಗೆ ಬಲಗೈಯ ಕಿರುಬೆರಳು, ಉಂಗುರ ಬೆರಳಿನಲ್ಲಿ ಸ್ಪರ್ಶ ಕಡಿಮೆ. ಒತ್ತಿದೆ ಅಂದುಕೊಂಡಿರುತ್ತೇನೆ, ಒತ್ತಿರುವುದಿಲ್ಲ. ಮುಚ್ಚಳ ಕಟಕಟ ಅಂತ ಸುಮ್ನೆ ತಿರುಗುತ್ತದೆ. ಬಾಗಿಲ ಸಂದಿಗೆ ಸಿಕ್ಕಿಸಿ ನೋಡಿದ್ದೇನೆ. ಒದ್ದೆ ಬಟ್ಟೆ ಸುತ್ತಿ ನೋಡಿದ್ದೇನೆ. ಇಲ್ಲಿನ ಮೆಡಿಕಲ್ ಶಾಪಿನಲ್ಲಿ "ನನ್ನ ಕೈಗೆ ಆಗಲ್ಲ" ಅಂದರೆ ಬೇರೆ ಮಾತ್ರೆಗಳನ್ನೆಲ್ಲ ಸುಲಭದ ಮುಚ್ಚಳದ ಡಬ್ಬಿಗೆ ಹಾಕಿ ಕೊಡುತ್ತಾರೆ. ಈ ಎಣ್ಣೆಗೆ ಮಾತ್ರ ಆ ಅವಕಾಶವಿಲ್ಲ. ಮಕ್ಕಳ ಜೀವದ ಪ್ರಶ್ನೆ, ಒಪ್ಪುತ್ತೇನೆ. ಆದರೆ ನಿಯಮ ಬರೆಯುವಾಗ ಬಾಟಲಿ ತೆಗೆಯಲು ಒದ್ದಾಡುವ ಕೈಯೊಂದು ಆ ಕಡೆ ಇದೆ ಅಂತ ಯಾರಾದರೂ ನೆನೆದಿದ್ದರೆ ಒಂದು ದಾರಿ ಸಿಗುತ್ತಿತ್ತು.

2019ರ ಏಪ್ರಿಲ್ 1ಕ್ಕೆ ಒಂಟಾರಿಯೋದಲ್ಲಿ ಅಂಗಡಿಗಳು ತೆರೆದವು. ಮಿಸ್ಸಿಸಾಗಾ ನಗರಸಭೆ ತನ್ನ ಊರಲ್ಲಿ ಅಂಗಡಿ ಬೇಡ ಅಂದಿತ್ತು. ಬೇಕು ಅಂದದ್ದು 2023ರಲ್ಲಿ. ಹಾಗಾಗಿ ಮಗ ನನ್ನನ್ನು ಪಕ್ಕದ ಊರಾದ ಬ್ರ್ಯಾಂಪ್ಟನ್‌ಗೆ ಕರೆದುಕೊಂಡು ಹೋದ. ಗಾಜು, ಮರ, ಒಳ್ಳೆ ಬೆಳಕು, ಒಡವೆ ಅಂಗಡಿ ಹಾಗೆ ಇತ್ತು. ಕೌಂಟರಿನ ಹುಡುಗಿ ತುಂಬಾ ನಯವಾಗಿ ಮಾತಾಡಿಸಿದಳು. ಕಾಲು ಸೆಟೆಯುತ್ತದೆ, ಇಂಥ ಅಳತೆಯ ಎಣ್ಣೆ ತಗೊಳ್ಳುತ್ತೇನೆ ಅಂದೆ. "ಆಂಟಿ, ಕ್ಷಮಿಸಿ, ಕಾಯಿಲೆ ವಿಚಾರ ನಾನು ಹೇಳುವ ಹಾಗಿಲ್ಲ" ಅಂದಳು. ಪಂಜಾಬಿ ಹುಡುಗಿ, ಆಂಟಿ ಅಂತಲೇ ಕರೆದಳು. ಅವಳ ತಪ್ಪಿಲ್ಲ. ಔಷಧಿಯ ಗುಣ ಹೇಳಿ ಮಾರುವಂತಿಲ್ಲ ಅಂತ ಕಾನೂನೇ ಇದೆ. ಕಪಾಟಿನ ತುಂಬಾ ಟಿಎಚ್‌ಸಿ ಜಾಸ್ತಿ ಇರುವ ಹೂವು. ಎಣ್ಣೆ ಒಂದು ಮೂಲೆಯಲ್ಲಿ ಮೂರು ಬಗೆ. ನನ್ನ ಸಮ ಅಳತೆಯದು ಇರಲಿಲ್ಲ. ಜನ ಜಾಸ್ತಿ ಯಾವುದನ್ನು ಕೊಳ್ಳುತ್ತಾರೋ ಅದನ್ನು ಇಡುತ್ತಾರೆ, ಅದು ವ್ಯಾಪಾರ. ವಾಪಸ್ ಬರುವಾಗ ಮಗ "ಅಮ್ಮಾ, ಇದು ನಿನ್ನ ಜಾಗ ಅಲ್ಲ" ಅಂದ.

ಆ ವರ್ಷದ ಕೊನೆಗೆ ತಿನ್ನುವ ಗಾಂಜಾ ಬಂತು. ಒಂದು ಪೊಟ್ಟಣಕ್ಕೆ ಟಿಎಚ್‌ಸಿ 10 ಮಿ.ಗ್ರಾಂ ಮೀರುವಂತಿಲ್ಲ. ಹೊಸಬರಿಗೆ ಅದು ಸರಿಯಾದ ಮಿತಿಯೇ. ಆದರೆ ಜಾಸ್ತಿ ಬೇಕಾದ ರೋಗಿಗಳಿಗೂ ಅದೇ ಮಿತಿ.

ಇನ್ನು ದುಡ್ಡು. ಲೆಕ್ಕದವಳಾದ್ದರಿಂದ ಇದು ನನಗೆ ತುಂಬಾ ಚುಚ್ಚುತ್ತದೆ. ಬ್ಯಾಕ್ಲೋಫೆನ್ ಕೊಂಡರೆ ಮಾರಾಟ ತೆರಿಗೆ ಇಲ್ಲ. ಡಾಕ್ಟರ್ ಬರೆದುಕೊಟ್ಟ ಔಷಧಿಗೆ ಇಲ್ಲಿ ತೆರಿಗೆ ಹಾಕುವುದಿಲ್ಲ. ಗಾಂಜಾ ಎಣ್ಣೆಗೆ ಮೊದಲಿಂದಲೂ 13 ಪರ್ಸೆಂಟ್ ಇತ್ತು. ಎಲ್ಲರಿಗೂ ತೆರೆದ ದಿನದಿಂದ ಅದರ ಮೇಲೆ ಅಬಕಾರಿ ಸುಂಕವೂ ಬಂತು, ಹೆಂಡ ಸಿಗರೇಟಿಗೆ ಇರುವ ಹಾಗೆ. ರೋಗಿಗೆ ಬೇರೆ, ಮೋಜಿನವರಿಗೆ ಬೇರೆ ಅಂತ ಇಲ್ಲ. 2019ರ ಮೇ ತಿಂಗಳಿಂದ ಎಣ್ಣೆಯಲ್ಲಿರುವ ಟಿಎಚ್‌ಸಿಯ ಒಂದೊಂದು ಮಿಲಿಗ್ರಾಮಿಗೆ ಒಂದು ಸೆಂಟ್. ನನ್ನ ಬಾಟಲಿ 30 ಮಿ.ಲೀ., ಅಂದರೆ 300 ಮಿ.ಗ್ರಾಂ, ಅಂದರೆ 3 ಡಾಲರ್. ಒಂಟಾರಿಯೋದಲ್ಲಿ ಅದರ ಮೇಲೆ ಇನ್ನಷ್ಟು ಸೇರುತ್ತದೆ. ಆ ಸುಂಕ ಸೇರಿದ ಬೆಲೆಗೆ ಮತ್ತೆ 13 ಪರ್ಸೆಂಟ್. ಮೊದಮೊದಲು ಎಣ್ಣೆಯ ಕಂಪನಿ ಸುಂಕವನ್ನು ತಾನೇ ಹೊತ್ತುಕೊಂಡಿತ್ತು, ಆಮೇಲೆ ನಿಲ್ಲಿಸಿತು. ತಿಂಗಳಿಗೊಂದು ಬಾಟಲಿ, 90 ಡಾಲರ್. ವರ್ಷಕ್ಕೆ ಬರೀ ಮಾರಾಟ ತೆರಿಗೆಯೇ ನೂರ ನಲವತ್ತು ಡಾಲರ್. ನಮ್ಮ ಆಫೀಸಿನ ವಿಮೆ ಒಂದು ಪೈಸೆ ಕೊಡಲಿಲ್ಲ. ನನಗೆ ಸಂಬಳ ಇದೆ, ಹೇಗೋ ನಡೆಯುತ್ತದೆ. ಕಾಯಿಲೆಯಿಂದ ಕೆಲಸ ಬಿಟ್ಟವರು ಏನು ಮಾಡಬೇಕು?

ಅಂಗಡಿಗಳು ಜಾಸ್ತಿಯಾದ ಮೇಲೆ ಪೈಪೋಟಿಯಿಂದ ಹೊರಗೆ ಬೆಲೆ ಇಳಿಯಿತು, ಅದು ನಿಜ. ನನಗೆ ಗೊತ್ತಿರುವ ಮೂರ್ನಾಲ್ಕು ರೋಗಿಗಳು ರಿಜಿಸ್ಟ್ರೇಷನ್ ಬಿಟ್ಟು ಅಂಗಡಿಗೇ ಹೋಗುತ್ತಾರೆ. ಅವರನ್ನು ನಾನು ತಪ್ಪು ಅನ್ನುವುದಿಲ್ಲ. ನಾನು ಬಿಟ್ಟಿಲ್ಲ. ರೋಗಿಯಾಗಿ ನೋಂದಾಯಿಸಿ ಕೊಂಡ ರಸೀದಿ ಇದ್ದರೆ ಅದನ್ನು ವೈದ್ಯಕೀಯ ಖರ್ಚು ಅಂತ ವರಮಾನ ತೆರಿಗೆಯಲ್ಲಿ ತೋರಿಸಬಹುದು. ಅದೇ ಎಣ್ಣೆಯನ್ನು ಅಂಗಡಿಯಲ್ಲಿ ಕೊಂಡರೆ ಆಗುವುದಿಲ್ಲ. ಆಫೀಸಿನಲ್ಲಿ ಯಾರಾದರೂ ಪ್ರಶ್ನೆ ಎತ್ತಿದರೆ ತೋರಿಸಲು ಕಾಗದ ಇದೆ. ಎಲ್ಲಕ್ಕಿಂತ ಹೆಚ್ಚಾಗಿ, ನಾವು ಒಬ್ಬೊಬ್ಬರಾಗಿ ಎದ್ದು ಹೋದರೆ, ಯಾರೂ ಬರದ ಬಾಗಿಲು ಯಾಕೆ ಅಂತ ಒಂದು ದಿನ ಮುಚ್ಚಿಬಿಡುತ್ತಾರೆ ಅನ್ನುವ ಭಯ ನನಗಿದೆ.

ಆ ಭಯ ಗಟ್ಟಿಯಾದದ್ದು 2021ರಲ್ಲಿ. ನನ್ನ ನ್ಯೂರಾಲಜಿಸ್ಟ್ ನಿವೃತ್ತರಾದರು. ವರ್ಷದ ನವೀಕರಣಕ್ಕೆ ಫ್ಯಾಮಿಲಿ ಡಾಕ್ಟರ್ ಹತ್ತಿರ ಹೋದೆ. ಅವರು ಕಂಪ್ಯೂಟರಿನಿಂದ ಕಣ್ಣು ತೆಗೆಯದೆ, "ಈಗ ಅಂಗಡಿಯಲ್ಲೇ ಸಿಗುತ್ತಲ್ಲ, ನಾನು ಯಾಕೆ ಸಹಿ ಹಾಕಬೇಕು?" ಅಂದರು. ನನ್ನ ನೋಟ್‌ಬುಕ್ ತೊಡೆಯ ಮೇಲಿತ್ತು. ನಾಲ್ಕು ವರ್ಷದ ಅಳತೆ, ನಿದ್ದೆ, ಎಷ್ಟು ಸಲ ಕಾಲು ಸೆಟೆಯಿತು, ಎಲ್ಲ ಬರೆದದ್ದು. ತೆರೆದು ತೋರಿಸಲಿಲ್ಲ. ಎದ್ದು ಬಂದೆ. ಪಾರ್ಕಿಂಗಿನಲ್ಲಿ ಕಾರಿನೊಳಗೆ ಕೂತು ಅತ್ತೆ.

ಇದು ಬರೀ ಅವಮಾನದ ಮಾತಾಗಿದ್ದರೆ ಇಷ್ಟು ಬರೆಯುತ್ತಿರಲಿಲ್ಲ. ನನ್ನ ಬೇರೆ ಔಷಧಿಯೆಲ್ಲ ಮೆಡಿಕಲ್ ಶಾಪಿನ ಕಂಪ್ಯೂಟರಿನಲ್ಲಿದೆ. ಯಾವುದಕ್ಕೆ ಯಾವುದು ಕೂಡದು ಅಂತ ಫಾರ್ಮಸಿಸ್ಟ್ ನೋಡುತ್ತಾರೆ. ಈ ಎಣ್ಣೆ ಆ ಪಟ್ಟಿಯಲ್ಲೇ ಇಲ್ಲ, ಯಾಕೆಂದರೆ ಅದು ಅವರ ಕೈಯಿಂದ ಬರುವುದೇ ಇಲ್ಲ. ಆ ವರ್ಷವೇ ಒಂದು ವಾಕ್-ಇನ್ ಕ್ಲಿನಿಕ್ಕಿನಲ್ಲಿ ನಿದ್ದೆಗೆ ಮಾತ್ರೆ ಕೊಟ್ಟರು. ಅವರು ಕೇಳಲಿಲ್ಲ, ನಾನೂ ಹೇಳಲಿಲ್ಲ. ಎಲ್ಲರಿಗೂ ಸಿಗುವ ವಸ್ತು, ಅದನ್ನು ಔಷಧಿ ಅಂತ ಹೇಳಬೇಕು ಅಂತ ಆ ಗಳಿಗೆಗೆ ನನಗೇ ಹೊಳೆಯಲಿಲ್ಲ. ಎರಡೂ ಮಂಪರು ತರುವಂಥವು. ಆವತ್ತು ರಾತ್ರಿ ಬಚ್ಚಲಿಗೆ ಹೋದವಳು ತಲೆ ಸುತ್ತಿ ಬಿದ್ದೆ. ಹುಬ್ಬಿನ ಮೇಲೆ ನಾಲ್ಕು ಹೊಲಿಗೆ. ದಯವಿಟ್ಟು ನೀವು ಏನೇ ತಗೊಳ್ಳುತ್ತಿದ್ದರೂ ಪ್ರತಿ ಡಾಕ್ಟರಿಗೂ ಹೇಳಿ. ಅವರು ಕೇಳದಿದ್ದರೂ ಹೇಳಿ.

ಕೊನೆಗೆ ಒಬ್ಬರು ನರ್ಸ್ ಪ್ರಾಕ್ಟಿಷನರ್, ಅಂದರೆ ಔಷಧಿ ಬರೆದುಕೊಡುವ ಅಧಿಕಾರ ಇರುವ ನರ್ಸ್, ಸಿಕ್ಕಿದರು. ಅವರೂ ಈ ಡಾಕ್ಯುಮೆಂಟಿಗೆ ಸಹಿ ಹಾಕಬಹುದು. ವಿಡಿಯೋದಲ್ಲಿ ಅರ್ಧ ಗಂಟೆ ಮಾತಾಡಿದರು. ನೋಟ್‌ಬುಕ್ ಕ್ಯಾಮೆರಾಕ್ಕೆ ಹಿಡಿಯಿರಿ ಅಂದು, ಒಂದೊಂದೇ ಪುಟ ಓದಿದರು.

ಜನರ ಮಾತೂ ಬದಲಾಗಿದೆ. ಮೊದಲು ನಮ್ಮವರಲ್ಲಿ ಯಾರಿಗೂ ಹೇಳುತ್ತಿರಲಿಲ್ಲ. ಈಗ ರಾಜ್ಯೋತ್ಸವದ ಊಟದಲ್ಲಿ ಹಿರಿಯರೊಬ್ಬರು ಪಕ್ಕ ಕೂತು, "ನನ್ನ ಮಂಡಿ ನೋವಿಗೆ ಆಗುತ್ತೇನಮ್ಮಾ?" ಅಂತ ಮೆಲ್ಲಗೆ ಕೇಳುತ್ತಾರೆ. ಡಾಕ್ಟರನ್ನು ಕೇಳಿ, ಬೇರೆಯವರ ಬಾಟಲಿ ಮುಟ್ಟಬೇಡಿ ಅಂದೆ. ಆ ಧೈರ್ಯ ಬಂದದ್ದು ಕಾನೂನು ಬದಲಾದ್ದರಿಂದಲೇ. ಅದೇ ಪಂಕ್ತಿಯಲ್ಲಿ ಇನ್ನೊಬ್ಬರು "ಏನ್ರೀ, ನೀವೂ ಶುರು ಮಾಡಿಬಿಟ್ರಾ?" ಅಂತ ಕಣ್ಣು ಹೊಡೆದರು. ಮೊದಲು ನಾನು ಗುಟ್ಟಿನ ರೋಗಿ. ಈಗ ಎಲ್ಲರ ಕಣ್ಣಿಗೂ ಮೋಜಿನವಳು.

2023ರ ಜನವರಿಯಲ್ಲಿ ಅಕ್ಕನ ಮಗಳ ಮದುವೆಗೆ ಊರಿಗೆ ಹೋದೆ. ಗಾಂಜಾವನ್ನು ಒಳಗೆ ತರಬೇಡಿ, ಹೊರಗೆ ಒಯ್ಯಬೇಡಿ ಅನ್ನುವುದು ಇಲ್ಲಿನ ಸರ್ಕಾರದ ಕಟ್ಟುನಿಟ್ಟಿನ ಮಾತು. ರೋಗಿಯ ಕಾಗದ ಇದ್ದರೂ ಗಡಿ ದಾಟಿಸುವ ಹಾಗಿಲ್ಲ. ನಮ್ಮ ದೇಶದಲ್ಲಂತೂ ಮಾದಕ ವಸ್ತುಗಳನ್ನು ತಡೆಯುವ 1985ರ ಎನ್‌ಡಿಪಿಎಸ್ ಕಾಯ್ದೆ ಇದೆ. ಅಲ್ಲಿ ಸಿಕ್ಕಿಬಿದ್ದರೆ ಒಂಟಾರಿಯೋದ ಯಾವ ಕಾಗದವೂ ಕಾಯುವುದಿಲ್ಲ. ಎಣ್ಣೆ ಮನೆಯಲ್ಲೇ ಬಿಟ್ಟು ಬ್ಯಾಕ್ಲೋಫೆನ್ ಕಟ್ಟಿಕೊಂಡೆ. ಮೂರನೇ ರಾತ್ರಿ ನನ್ನ ಕಾಲು ನೋಡಿ ಅಕ್ಕ ಗಾಬರಿಯಾದಳು. ಆಗ ಎಲ್ಲ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದಳು. "ಅಮ್ಮಂಗೆ ಗಾಂಜಾ ಅಂತ ಹೇಳ್ಬೇಡ ಕಣೇ. ಎಣ್ಣೆ ಅನ್ನು, ಔಷಧಿ ಎಣ್ಣೆ ಅನ್ನು" ಅಂದಳು. ಹಾಗಂದು ನನ್ನ ಪಾದ ತೊಡೆಯ ಮೇಲೆ ಇಟ್ಟುಕೊಂಡು ಮಡಚತೊಡಗಿದಳು, ನಮ್ಮ ಯಜಮಾನರು ಮಡಚುವ ಹಾಗೇ.

ಅದಕ್ಕೂ ಮೊದಲು, 2022ರ ಕೊನೆಗೆ, ಸರ್ಕಾರ ಈ ಕಾನೂನಿನ ಮರುಪರಿಶೀಲನೆಗೆ ಜನರ ಅಭಿಪ್ರಾಯ ಕೇಳಿತ್ತು. ನಾಲ್ಕು ಪುಟ ಬರೆದು ಕಳಿಸಿದ್ದೆ. ಸುಂಕ ತೆಗೆಯಿರಿ, ಎಣ್ಣೆಯನ್ನು ಮೆಡಿಕಲ್ ಶಾಪಿನಲ್ಲಿ ಕೊಡಿ, ಮುಚ್ಚಳ ಬದಲಿಸಿ ಅಂತ. ಮಾರಿಸ್ ರೋಸೆನ್‌ಬರ್ಗ್ ಅವರ ಅಧ್ಯಕ್ಷತೆಯ ತಜ್ಞರ ಸಮಿತಿ 2024ರ ಮಾರ್ಚ್‌ನಲ್ಲಿ ವರದಿ ಕೊಟ್ಟಿತು. ರೋಗಿಗಳ ಬೇರೆ ದಾರಿ ಉಳಿಯಬೇಕು ಅಂತ ಅದರಲ್ಲಿ ಬರೆದಿದೆ. ಆ ಸಾಲನ್ನು ಎರಡು ಸಲ ಓದಿದೆ, ಯಜಮಾನರಿಗೂ ಓದಿ ಹೇಳಿದೆ.

ಅದೇ ವರ್ಷ ನವೆಂಬರ್ 15ಕ್ಕೆ ಮತ್ತೆ ಅಂಚೆ ಮುಷ್ಕರ, ಈ ಸಲ ದೇಶಕ್ಕೆಲ್ಲ. ನನ್ನ ಡಾಕ್ಯುಮೆಂಟ್ ಮುಗಿಯುವುದು ನವೆಂಬರ್ 30ಕ್ಕೆ. ಹಳೆಯ ಪಾಠ ನೆನಪಿತ್ತು, ನವೀಕರಣ ಎರಡು ವಾರ ಮೊದಲೇ ಮಾಡಿಸಿದ್ದೆ. ಬಾಟಲಿ ಕೊರಿಯರ್‌ನಲ್ಲಿ ಬಂತು. ದೊಡ್ಡವರ ಸಹಿ ಬೇಕು. ಬೆಲ್ ಆದಾಗ ನಾನು ಮೇಲಿನ ರೂಮಿನಲ್ಲಿದ್ದೆ. ಕೋಲು ಹಿಡಿದು ಹದಿಮೂರು ಮೆಟ್ಟಿಲು ಇಳಿಯುವಷ್ಟರಲ್ಲಿ ಬಾಗಿಲಿಗೆ ಚೀಟಿ ಅಂಟಿಸಿ ಹೋಗಿದ್ದರು. ಸಂಜೆ ಹಿಮದಲ್ಲಿ ಯಜಮಾನರು ಹೋಗಿ ತಂದರು.

ಈಗ ನಮ್ಮ ಮನೆಯಲ್ಲಿ ಒಂದು ಪದ್ಧತಿ ಇದೆ. ರಾತ್ರಿ ಊಟವಾದ ಮೇಲೆ ಅವರು ಬಾಟಲಿಯ ಮುಚ್ಚಳ ತೆಗೆದು, ಸಿರಿಂಜಿನಲ್ಲಿ ಅರ್ಧ ಮಿ.ಲೀ. ಎಳೆದು, ತಟ್ಟೆಯ ಪಕ್ಕ ಇಟ್ಟು, ಮುಚ್ಚಳ ಹಾಕಿ ಮೇಲಿನ ಕಪಾಟಿಗೆ ಇಡುತ್ತಾರೆ. ಅಕ್ಕ ಕಳಿಸಿದ ಕನ್ನಡ ಕ್ಯಾಲೆಂಡರ್‌ನಲ್ಲಿ ಈ ವರ್ಷದ ನವೆಂಬರ್ ಒಂದನೇ ತಾರೀಕಿಗೆ ಕೆಂಪು ಪೆನ್ನಿನಲ್ಲಿ ಸುತ್ತು ಹಾಕಿದ್ದೇನೆ. ರಾಜ್ಯೋತ್ಸವದ ದಿನ, ಮರೆಯುವುದಿಲ್ಲ. ಅದರ ಪಕ್ಕ ಸಣ್ಣಕ್ಷರದಲ್ಲಿ ಬರೆದಿದ್ದೇನೆ: ನವೀಕರಣಕ್ಕೆ ನರ್ಸ್‌ಗೆ ಫೋನ್ ಮಾಡುವುದು.